ಅರೆನಾ ಐಸ್ ಮತ್ತು ಸ್ವಂತ ಐಸ್: ನ್ಯೂಜೆರ್ಸಿಯಲ್ಲಿ ಎರಡು ಬಗೆಯ ಕರ್ಲಿಂಗ್ ಕ್ಲಬ್

ಕರ್ಲಿಂಗ್ ಎಂದರೆ ಐಸ್ ಮೇಲೆ ಭಾರದ ಕಲ್ಲುಗಳನ್ನು ಜಾರಿಸಿ, ಆಚೆ ತುದಿಯಲ್ಲಿ ಬರೆದ ವೃತ್ತದ ನಡುವಿಗೆ ಹತ್ತಿರ ನಿಲ್ಲಿಸುವ ತಂಡದ ಆಟ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಅದನ್ನು ಕಲಿಯಬೇಕೆನ್ನುವವರಿಗೆ ಎರಡು ದಾರಿಗಳಿವೆ. ಐಸ್ ಹಾಕಿಯ ಅರೆನಾವನ್ನು ಗಂಟೆಗಿಷ್ಟು ಎಂದು ಬಾಡಿಗೆಗೆ ಹಿಡಿದು ಆಡಿಸುವ ಕ್ಲಬ್ ಒಂದು. ಕರ್ಲಿಂಗ್ ಬಿಟ್ಟು ಬೇರೆ ಯಾವುದಕ್ಕೂ ಬಳಸದ ಸ್ವಂತ ಐಸ್ ಇರುವ ಕ್ಲಬ್ ಇನ್ನೊಂದು. ಸೌತ್ ಪ್ಲೇನ್‌ಫೀಲ್ಡ್‌ನಲ್ಲಿರುವ ಪ್ಲೇನ್‌ಫೀಲ್ಡ್ ಕರ್ಲಿಂಗ್ ಕ್ಲಬ್ ಈ ಬಗೆಯದು. ಎರಡೂ ಬಗೆಯ ಕ್ಲಬ್‌ಗಳಲ್ಲಿ ನಾನು ಪೂರ್ತಿ ಸೀಸನ್ ಆಡಿದ್ದೇನೆ. ಆಟ ಕೈಗೆ ಹತ್ತಬೇಕಾದರೆ ಸ್ವಂತ ಐಸ್ ಬೇಕೇ ಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಹಾಗೆಂದು ಅರೆನಾದವರನ್ನು ಹಗುರವಾಗಿ ಕಾಣುವುದನ್ನು ನಾನು ಒಪ್ಪುವುದಿಲ್ಲ.

ವ್ಯತ್ಯಾಸವೆಲ್ಲ ಇರುವುದು ಐಸ್‌ನಲ್ಲೇ. ಕರ್ಲಿಂಗ್ ಐಸ್ ಕನ್ನಡಿಯಂತೆ ನುಣುಪಾಗಿರುವುದಿಲ್ಲ. ಆಟಕ್ಕೆ ಮುನ್ನ ಒಬ್ಬರು ಬೆನ್ನಿಗೆ ನೀರಿನ ಕ್ಯಾನ್ ಕಟ್ಟಿಕೊಂಡು, ಹಿಮ್ಮುಖವಾಗಿ ನಡೆಯುತ್ತ, ಕೈ ಬೀಸಿ ಬೀಸಿ ಹನಿಗಳನ್ನು ಚಿಮುಕಿಸುತ್ತಾರೆ. ಹನಿಗಳು ಬಿದ್ದಲ್ಲೇ ಹೆಪ್ಪುಗಟ್ಟಿ ಸಣ್ಣ ಸಣ್ಣ ಉಬ್ಬುಗಳಾಗುತ್ತವೆ. ಇದು ಪೆಬಲ್. ಹೆಚ್ಚೆಂದರೆ 19.96 ಕಿಲೋ ತೂಗಬಹುದಾದ ಗ್ರಾನೈಟ್ ಕಲ್ಲು, ತಳದಲ್ಲಿರುವ ಕಿರಿದಾದ ಉಂಗುರವನ್ನಷ್ಟೇ ಊರಿಕೊಂಡು, ಈ ಉಬ್ಬುಗಳ ನೆತ್ತಿಯ ಮೇಲೆ ಜಾರುತ್ತದೆ.

ಸ್ವಂತ ಐಸ್‌ನಲ್ಲಿ ನೀರನ್ನು ಶುದ್ಧೀಕರಿಸಿ, ಮಟ್ಟ ನೋಡಿ ಹಾಸಿರುತ್ತಾರೆ. ಕಲ್ಲುಗಳು ಸದಾ ತಣ್ಣಗಿನ ಐಸ್ ಮೇಲೆಯೇ ಇರುತ್ತವೆ. ಅರೆನಾದಲ್ಲಿ ಹಾಗಲ್ಲ. ಹಾಕಿಯವರ ಸ್ಕೇಟುಗಳು ಕೆತ್ತಿದ ನೆಲದ ಮೇಲೆ ಐಸ್ ಹೆರೆದು ಸಮ ಮಾಡುವ ಝಾಂಬೋನಿ ಯಂತ್ರ ಓಡಿಸಿ, ಅದರ ಮೇಲೆ ಅವಸರದಲ್ಲಿ ಪೆಬಲ್ ಹಾಕಬೇಕು. ಯಂತ್ರ ಪದೇ ಪದೇ ಓಡಾಡಿದ ಕಡೆ ತಗ್ಗು ಬಿದ್ದಿರುತ್ತದೆ. ಎಡಕ್ಕೆ ತಿರುಗಲೆಂದು ಬಿಟ್ಟ ಕಲ್ಲು, ಗಾಡಿಜಾಡಿಗೆ ಬಿದ್ದ ಚಕ್ರದಂತೆ ಬಲಕ್ಕೇ ಎಳೆದುಕೊಂಡು ಹೋಗುವುದನ್ನು ಎಷ್ಟು ಸಲ ನೋಡಿದ್ದೇನೋ.

ಸ್ಟಾಪ್‌ವಾಚ್ ಹಿಡಿದರೆ ಇದು ಇನ್ನೂ ಸ್ಪಷ್ಟ. ಐಸ್‌ಗೆ ಅಡ್ಡಲಾಗಿ, ಎರಡೂ ತುದಿಯ ಕಡೆ ಒಂದೊಂದರಂತೆ ಎಳೆದ ಹಾಗ್ ಲೈನ್ ಎಂಬ ಗೆರೆಗಳ ನಡುವೆ 21.95 ಮೀಟರ್ ಅಂತರ. ಒಳ್ಳೆಯ ಐಸ್ ಮೇಲೆ, ವೃತ್ತದ ನಡುವೆ ನಿಲ್ಲುವ ಕಲ್ಲು ಈ ದೂರ ದಾಟಲು 14 ಸೆಕೆಂಡಿನ ಆಸುಪಾಸು ತೆಗೆದುಕೊಳ್ಳುತ್ತದೆ. ಅರೆನಾದ ಭಾರವಾದ ಐಸ್ ಮೇಲೆ ಅದೇ ಕಲ್ಲು ಇನ್ನೂ ಬೇಗ ದಾಟುತ್ತದೆ. ಕೇಳಲು ತಿರುಗುಮುರುಗು ಎನಿಸಬಹುದು. ಐಸ್ ಹಿಡಿದೆಳೆಯುವ ಕಡೆ ಕಲ್ಲನ್ನು ಜೋರಾಗಿಯೇ ನೂಕಬೇಕು, ಅದು ಓಡಿ ಬಂದು ತಟ್ಟನೆ ನಿಲ್ಲುತ್ತದೆ. ಒಳ್ಳೆಯ ಐಸ್ ಮೇಲೆ ಮೆಲ್ಲಗೆ ಬಿಟ್ಟರೆ ಸಾಕು, ಕೊನೆಯಲ್ಲಿ ನಿಧಾನವಾಗಿ ಬಾಗುತ್ತ ಬರುತ್ತದೆ. ಆ ಬಾಗುವಿಕೆಯಲ್ಲೇ ಈ ಆಟದ ಸೊಗಸಿದೆ. ಅರೆನಾದಲ್ಲಿ ಅದು ಅಪರೂಪ.

ಅರೆನಾದ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಅಲ್ಲಿ ಕಲ್ಲುಗಳನ್ನು ಇಳಿಸುವುದು, ಕಾಲೂರಲು ಹ್ಯಾಕ್ ಕೂರಿಸುವುದು, ಪೆಬಲ್ ಹಾಕುವುದು ಎಲ್ಲವೂ ಸದಸ್ಯರದೇ ಕೆಲಸ. ಹೊಸಬರಿಗೆ ಮೊದಲ ದಿನವೇ ಐಸ್ ಹೇಗೆ ತಯಾರಾಗುತ್ತದೆ ಎಂದು ತಿಳಿದುಬಿಡುತ್ತದೆ. ಖರ್ಚೂ ನನಗೆ ಕಡಿಮೆ ಬಂತು. ಆದರೆ ಒಳ್ಳೆಯ ವೇಳೆಯೆಲ್ಲ ಹಾಕಿಗೆ ಹೋಗಿ, ನಮ್ಮ ಪಾಲಿಗೆ ರಾತ್ರಿ ಹತ್ತರ ಹೊತ್ತು ಉಳಿಯುತ್ತಿತ್ತು. ಸ್ವಂತ ಕಟ್ಟಡದಲ್ಲಾದರೆ ಗಾಜಿನಾಚೆ ಬೆಚ್ಚನೆಯ ಕೋಣೆಯಿದೆ. ಆಟ ಮುಗಿದ ಮೇಲೆ ಎರಡೂ ತಂಡದವರು ಒಂದೇ ಮೇಜಿಗೆ ಕೂರುತ್ತಾರೆ, ಗೆದ್ದವರು ಸೋತವರಿಗೆ ಮೊದಲ ಲೋಟ ಕೊಡಿಸುತ್ತಾರೆ. ನಾನು ಬಿಯರ್ ಕುಡಿಯುವವನಲ್ಲ. ಕಾಫಿ ಹಿಡಿದು ಕೂತೇ ನಾನು ತಂತ್ರಗಾರಿಕೆಯ ಅರ್ಧ ಕಲಿತದ್ದು.

ಆಡಳಿತದ ಮಟ್ಟದಲ್ಲಿ ಈ ಭಾಗದ ಹಿರಿಯ ಸಂಸ್ಥೆ 1867ರಲ್ಲಿ ಹುಟ್ಟಿದ ಗ್ರ್ಯಾಂಡ್ ನ್ಯಾಷನಲ್ ಕರ್ಲಿಂಗ್ ಕ್ಲಬ್. ಹೆಸರಿನಲ್ಲಿ ಕ್ಲಬ್ ಎಂದಿದ್ದರೂ ಅದು ಪೂರ್ವ ಕರಾವಳಿಯ ಕ್ಲಬ್‌ಗಳ ಒಕ್ಕೂಟ. ರಾಷ್ಟ್ರಮಟ್ಟದಲ್ಲಿ ಯುಎಸ್‌ಎ ಕರ್ಲಿಂಗ್, ಅದರ ಮೇಲೆ ವರ್ಲ್ಡ್ ಕರ್ಲಿಂಗ್.

ಚಾಂಪಿಯನ್‌ಷಿಪ್ ಕನಸಿದ್ದರೆ ಇಲ್ಲೂ ದಾರಿ ಕವಲೊಡೆಯುತ್ತದೆ. ಅರೆನಾದಲ್ಲೇ ಆಡಿ ಬೆಳೆದವರಿಗೆಂದು ಪ್ರತ್ಯೇಕ ಅರೆನಾ ನ್ಯಾಷನಲ್ಸ್ ಇದೆ. ಇದು ನನಗೆ ತುಂಬ ಮೆಚ್ಚುಗೆಯಾದ ಏರ್ಪಾಡು, ಏಕೆಂದರೆ ದಿನವೂ ಒಳ್ಳೆಯ ಐಸ್ ಸಿಗುವವರ ಎದುರು ಅವರನ್ನು ನಿಲ್ಲಿಸುವುದು ನ್ಯಾಯವಲ್ಲ. ಕ್ಲಬ್ ನ್ಯಾಷನಲ್ಸ್‌ಗೆ ಪೈಪೋಟಿ ಹೆಚ್ಚು. ಅದನ್ನು ಗುರಿಯಾಗಿಟ್ಟುಕೊಂಡವರು ಸ್ವಂತ ಐಸ್ ಇರುವ ಕ್ಲಬ್ ಸೇರುವುದನ್ನು ಮುಂದೂಡಬಾರದು. ಆಡಲು ತೊಡಗಿ ಐದು ವರ್ಷ ದಾಟದವರಿಗೆಂದೇ ನಡೆಯುವ ಬಾನ್‌ಸ್ಪೀಲ್‌ಗಳೂ, ಎಂದರೆ ಕರ್ಲಿಂಗ್ ಟೂರ್ನಿಗಳೂ, ಇವೆ. ಅರೆನಾದಿಂದ ಬಂದ ತಂಡಗಳು ಅಲ್ಲಿ ಮೊದಲೆರಡು ಎಂಡ್‌ಗಳಲ್ಲಿ, ಎಂದರೆ ಸುತ್ತುಗಳಲ್ಲಿ, ಕಲ್ಲನ್ನು ವೃತ್ತದಾಚೆ ಕಳಿಸುತ್ತವೆ, ಮೂರನೆಯದರ ಹೊತ್ತಿಗೆ ಐಸ್ ಓದಿಕೊಂಡು ಎದುರಾಳಿಗೆ ಬೆವರಿಳಿಸುತ್ತವೆ.