ಗಾಲ್ಫ್ ಆಡದವರಿಗೆ ಮಡಿಕೇರಿ

ಕೊಡಗಿಗೆ ಗಾಲ್ಫ್ ಆಡಲೆಂದೇ ಬರುವವರು ಸಾಕಷ್ಟು ಮಂದಿ ಇದ್ದಾರೆ. ವಿರಾಜಪೇಟೆ ಸಮೀಪದ ಬಿಟ್ಟಂಗಾಲದಲ್ಲಿ, ಕಾಫಿ ತೋಟಗಳ ನಡುವಿನ ಪಾಲಿಬೆಟ್ಟದಲ್ಲಿ, ಮಡಿಕೇರಿಯಲ್ಲಿ ಹೀಗೆ ಮೂರೂ ಕಡೆ ಮೈದಾನಗಳಿವೆ. ಬೆಳಿಗ್ಗೆ ಕೋಲು ಹಿಡಿದು ಹೊರಟವರು ಮರಳುವಾಗ ಮಧ್ಯಾಹ್ನವಾಗಿರುತ್ತದೆ. ಜೊತೆಗೆ ಬಂದ ಮನೆಯವರು ಅಷ್ಟು ಹೊತ್ತು ಹೋಂಸ್ಟೇ ಜಗಲಿಯಲ್ಲಿ ಕುಳಿತು ಬೇಸರಪಡುತ್ತಾರೆ, ಇಲ್ಲವೇ ಯಾರೋ ಹೇಳಿದರೆಂದು ಜೀಪು ಹತ್ತಿ ಮಾಂದಲಪಟ್ಟಿ ಬೆಟ್ಟಕ್ಕೆ ಹೋಗಿ ಮೈಕೈ ನೋಯಿಸಿಕೊಂಡು ಬರುತ್ತಾರೆ. ಮಡಿಕೇರಿಯ ನಿಜವಾದ ಸೊಗಸು ಊರಿನೊಳಗೇ ಇದೆ, ಅದನ್ನು ನೋಡಲು ನಡೆಯುವ ಮನಸ್ಸೊಂದಿದ್ದರೆ ಸಾಕು ಎಂಬುದು ಇಲ್ಲೇ ಇರುವವನಾಗಿ ನನ್ನ ದೃಢವಾದ ಅಭಿಪ್ರಾಯ.

ಮೊದಲು ಓಂಕಾರೇಶ್ವರ ದೇವಸ್ಥಾನಕ್ಕೆ ಹೋಗಬೇಕು. ಕೊಡಗನ್ನು ಆಳಿದ ಹಾಲೇರಿ ವಂಶದ ರಾಜ ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಈ ಗುಡಿಗೆ ನಮ್ಮ ಕಡೆಯ ದೇವಸ್ಥಾನಗಳಿಗಿರುವ ಗೋಪುರವಿಲ್ಲ; ನಡುವೆ ಒಂದು ಗುಮ್ಮಟ, ನಾಲ್ಕು ಮೂಲೆಗಳಲ್ಲಿ ನಾಲ್ಕು ಮಿನಾರುಗಳಿವೆ. ದೂರದಿಂದ ನೋಡಿದವರು ದರ್ಗಾ ಎಂದುಕೊಂಡರೆ ಆಶ್ಚರ್ಯವಿಲ್ಲ. ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದ ಪಾಪದ ಪರಿಹಾರಕ್ಕಾಗಿ ರಾಜ ಇದನ್ನು ಕಟ್ಟಿಸಿದನೆಂದೂ, ಒಳಗಿನ ಲಿಂಗ ಕಾಶಿಯಿಂದ ಬಂದದ್ದೆಂದೂ ಹಿರಿಯರು ಹೇಳುತ್ತಾರೆ. ಎದುರಿನ ಕೊಳದ ನಡುವೆ ಪುಟ್ಟ ಮಂಟಪವಿದ್ದು, ಅಲ್ಲಿಗೆ ಕಾಲುಹಾದಿಯೂ ಇದೆ. ಮಂಜು ಇಳಿದ ಬೆಳಗಿನಲ್ಲಿ ಮೆಟ್ಟಿಲ ಮೇಲೆ ಕುಳಿತರೆ ಮೊದಲು ಗುಮ್ಮಟ, ಆಮೇಲೆ ಮಿನಾರುಗಳು, ಕೊನೆಗೆ ನೀರಿನಲ್ಲಿ ಅವುಗಳ ನೆರಳು ಒಂದೊಂದಾಗಿ ಕಾಣಿಸತೊಡಗುತ್ತವೆ. ಮಕ್ಕಳಿಗೆ ಕೊಳದ ಮೀನುಗಳೇ ಸಾಕು.

ಕೋಟೆಯ ವಿಷಯದಲ್ಲಿ ನನಗೆ ಅಷ್ಟು ಸಮಾಧಾನವಿಲ್ಲ. ಅದೇ ವಂಶದ ಮುದ್ದುರಾಜನ ಕಾಲದ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟ. ಒಳಗಿನ ಅರಮನೆಗೆ ಈಗಿನ ರೂಪ ಬಂದದ್ದು 1812ರಿಂದ 1814ರ ನಡುವೆ, ಲಿಂಗರಾಜೇಂದ್ರನ ಕೈಯಲ್ಲಿ. ಬಹುಕಾಲ ಸರ್ಕಾರಿ ಕಚೇರಿಗಳನ್ನು ಹೊತ್ತುಕೊಂಡೇ ನಿಂತಿದ್ದ ಈ ಕಟ್ಟಡಕ್ಕೆ ಸಿಗಬೇಕಾದಷ್ಟು ಆರೈಕೆ ಸಿಕ್ಕಿಲ್ಲ ಎಂಬುದು ಮಳೆಗಾಲದಲ್ಲಿ ನೋಡಿದ ಯಾರಿಗೂ ತಿಳಿಯುತ್ತದೆ. ಆದರೂ ಆವರಣದ ಮೂಲೆಯಲ್ಲಿ ನಿಂತಿರುವ ನಿಜವಾದ ಆನೆಯಷ್ಟೇ ಗಾತ್ರದ ಎರಡು ಗಾರೆ ಆನೆಗಳನ್ನೂ, 1855ರಲ್ಲಿ ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚನ್ನೂ ನೋಡದೆ ಬರಬಾರದು. ಚರ್ಚಿನಲ್ಲಿ ಈಗ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಅಲ್ಲಿನ ಶಿಲ್ಪಗಳಿಗಿಂತ, ಬಣ್ಣದ ಗಾಜಿನಿಂದ ಇಳಿಯುವ ಬೆಳಕಿನಲ್ಲಿ ಆ ಹಳೆಯ ಕಟ್ಟಡವೇ ನನಗೆ ಹೆಚ್ಚು ಹಿಡಿಸಿತು.

ಪ್ರವಾಸಿಗರು ಹೆಚ್ಚಾಗಿ ಬಿಟ್ಟುಹೋಗುವ ಜಾಗ ಗದ್ದುಗೆ, ಅಂದರೆ ಅರಸರ ಸಮಾಧಿಗಳು. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೊದಲ ಅಂಕ ಅದಕ್ಕೇ. ಹಾಲೇರಿ ಅರಸರು ವೀರಶೈವರಾದುದರಿಂದ ಅವರನ್ನು ಸುಡದೆ ಸಮಾಧಿ ಮಾಡಿದರು. 1809ರಲ್ಲಿ ತೀರಿಕೊಂಡ ದೊಡ್ಡ ವೀರರಾಜೇಂದ್ರ ಮತ್ತು ಅವನ ರಾಣಿ ಮಹದೇವಮ್ಮಾಜಿ ಒಂದು ಗುಮ್ಮಟದ ಕೆಳಗೆ, 1820ರಲ್ಲಿ ತೀರಿಕೊಂಡ ಲಿಂಗರಾಜೇಂದ್ರ ಪಕ್ಕದ ಗುಮ್ಮಟದ ಕೆಳಗೆ ಮಲಗಿದ್ದಾರೆ. ಎರಡೂ ಕಟ್ಟಡಗಳು ಅಕ್ಕತಂಗಿಯರಂತೆ ಒಂದೇ ರೂಪದವು. ಮೂಲೆಗೆ ಮಿನಾರು, ಅದರ ಪಕ್ಕದಲ್ಲೇ ಬಸವ. ಇಂಥ ಜೋಡಣೆಯನ್ನು ಬೇರೆಡೆ ಕಾಣುವುದು ಕಷ್ಟ. ಟಿಪ್ಪುವಿನ ಸೇನೆಯ ವಿರುದ್ಧ ಹೋರಾಡಿ ಮಡಿದ ಬಿದ್ದಂಡ ಬೋಪುವಿನ ಸಮಾಧಿಯೂ ಇಲ್ಲಿಯೇ ಇದೆ. ಅರಸನ ಮಗ್ಗುಲಲ್ಲಿ ದಂಡನಾಯಕನಿಗೂ ಜಾಗ ಸಿಕ್ಕಿರುವುದನ್ನು ಬಂದವರಿಗೆ ತಿಳಿಸಲು ಇನ್ನೂ ಸ್ಪಷ್ಟವಾದ ಫಲಕಗಳಿರಬೇಕಿತ್ತು. ಈ ಕೊರತೆ ನನ್ನನ್ನು ನಿಜಕ್ಕೂ ನೋಯಿಸುತ್ತದೆ.

ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯಕ್ಕೆ ಮಾತ್ರ ಸಾಕಷ್ಟು ಸಮಯ ಇಟ್ಟುಕೊಂಡು ಹೋಗಿ. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ತಿಮ್ಮಯ್ಯನವರ ‘ಸನ್ನಿಸೈಡ್’ ಮನೆ ದಶಕಗಳ ಕಾಲ ಸಾರಿಗೆ ಕಚೇರಿಯಾಗಿತ್ತು; ಅದನ್ನು ದುರಸ್ತಿ ಮಾಡಿ 2021ರ ಫೆಬ್ರವರಿಯಲ್ಲಿ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಂದ ಉದ್ಘಾಟಿಸಲಾಯಿತು. 1948ರ ನವೆಂಬರ್‌ನಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದ್ದು, ಕೊರಿಯಾ ಯುದ್ಧದ ಕೈದಿಗಳನ್ನು ಅವರವರ ದೇಶಕ್ಕೆ ಮರಳಿಸುವ ಆಯೋಗದ ಹೊಣೆ ಹೊತ್ತದ್ದು, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದುದು, 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ನೇತೃತ್ವ ವಹಿಸಿದ್ದಾಗಲೇ ತೀರಿಕೊಂಡದ್ದು, ಇವೆಲ್ಲವನ್ನೂ ಅವರ ಮನೆಯ ಕೋಣೆಗಳಲ್ಲೇ ನಡೆಯುತ್ತ ತಿಳಿಯುವುದಕ್ಕೆ ಬೇರೆಯೇ ತೂಕವಿದೆ. ನಿರ್ವಹಣೆ ಅಚ್ಚುಕಟ್ಟಾಗಿದೆ. ಹೈಸ್ಕೂಲು ಮಕ್ಕಳನ್ನು ತಪ್ಪದೆ ಕರೆದುಕೊಂಡು ಹೋಗಬೇಕು.

ಕಣಿವೆಯ ನೋಟ ಕಾಣುವ ಉದ್ಯಾನ ರಾಜಾಸೀಟಿಗೆ ಸಂಜೆ ಎಲ್ಲರೂ ಹೋಗುತ್ತಾರೆ, ಹಾಗಾಗಿ ನೀವು ಬೆಳಿಗ್ಗೆ ಹೋಗಿ. ಅಬ್ಬಿ ಜಲಪಾತ ಮಳೆ ಹಿಡಿದ ಮೇಲೆ ಚೆಂದ. ಬೇಸಿಗೆಯಲ್ಲಿ ಅಷ್ಟು ದೂರ ಹೋಗುವಂಥದ್ದೇನೂ ಉಳಿದಿರುವುದಿಲ್ಲ. ದಸರಾ ವೇಳೆಗೆ ಬಂದವರು ವಿಜಯದಶಮಿಯ ರಾತ್ರಿ ನಿದ್ದೆಯ ಆಸೆ ಬಿಡಬೇಕು, ಹತ್ತು ಮಂಟಪಗಳ ಮೆರವಣಿಗೆ ಬೆಳಗಿನವರೆಗೂ ನಡೆಯುತ್ತದೆ.

ಊಟದ ಮಾತಿಗೆ ಬಂದರೆ, ಪಂದಿಕರಿ (ಹಂದಿಮಾಂಸದ ಸಾರು) ಮತ್ತು ಕಡಂಬುಟ್ಟು (ಅಕ್ಕಿತರಿಯ ಕಡುಬು) ಎಂದು ಫಲಕ ಹಾಕಿದ ಎಲ್ಲ ಕಡೆಯೂ ಸರಿಯಾದದ್ದು ಸಿಗುವುದಿಲ್ಲ. ಹುರಿದ ಕೊತ್ತಂಬರಿ, ಜೀರಿಗೆ, ಸಾಸಿವೆ, ಕಾಳುಮೆಣಸಿನ ಪುಡಿ ಬಿದ್ದು, ಕೊನೆಗೆ ಹಣ್ಣಿನ ರಸ ಬತ್ತಿಸಿ ಮಾಡಿದ ಹುಳಿಯಾದ ಕಾಚಂಪುಳಿ ಸೇರಿದಾಗ ಪಂದಿಕರಿಯ ಬಣ್ಣ ಕಪ್ಪಾಗಿ ಮಸಾಲೆ ಮಾಂಸಕ್ಕೆ ಅಂಟಿಕೊಳ್ಳಬೇಕು. ಕೆಂಪಗೆ, ತೆಳ್ಳಗೆ, ಹುಣಸೆಯ ರುಚಿಯಲ್ಲಿ ಬಂದರೆ ಅದು ಪ್ರವಾಸಿಗರಿಗೆಂದು ಮಾಡಿದ ಅಡುಗೆ. ಪೇಟೆಯ ಒಂದು ಹೋಟೆಲಿನಲ್ಲಿ ನನಗೂ ಅಂಥದ್ದನ್ನೇ ಬಡಿಸಿದ್ದರು. ಮಾಂಸ ತಿನ್ನದವರಿಗೆ ನೂಲ್‌ಪುಟ್ಟು (ಅಕ್ಕಿ ಶಾವಿಗೆ) ಮತ್ತು ಮಳೆಗಾಲದ ಬೈಂಬಳೆ ಕರಿ ಇವೆ. ಎಳೆ ಬಿದಿರಿನ ಆ ಕರಿಯ ರುಚಿ ಕೊಡಗಿನ ಆಚೆ ಅಷ್ಟು ಸುಲಭಕ್ಕೆ ಸಿಗದು.

ಸಾಧ್ಯವಾದರೆ ಶುಕ್ರವಾರ ಬನ್ನಿ, ಅಂದು ಮಡಿಕೇರಿಯ ಸಂತೆ. ‘ಮನೆಯಲ್ಲಿ ಮಾಡಿದ್ದು’ ಎಂದು ಚೀಟಿ ಅಂಟಿಸಿದ ಚಾಕೊಲೇಟು, ವೈನುಗಳ ಸಾಲನ್ನು ದಾಟಿ ಮುಂದೆ ಹೋಗಿ ಕಾಳುಮೆಣಸು, ಏಲಕ್ಕಿ ಕೊಳ್ಳಿ. ಕಾಫಿಪುಡಿಯನ್ನು ಕಣ್ಣೆದುರೇ ಬೀಸಿಕೊಡುವ ಅಂಗಡಿಯಲ್ಲಿ ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು, ಚಿಕೋರಿ ಬೇಕೋ ಬೇಡವೋ ಎಂದು ನೀವೇ ಹೇಳಿ ಮಾಡಿಸಿಕೊಳ್ಳಿ. ಕಾಚಂಪುಳಿಯ ಬಾಟಲಿಯನ್ನು ಓರೆ ಮಾಡಿ ನೋಡಿ: ಹಣ್ಣಿನ ರಸವನ್ನು ಚೆನ್ನಾಗಿ ಬತ್ತಿಸಿದ್ದರೆ ಅದು ಕಪ್ಪಗೆ, ಮಂದವಾಗಿ, ಗಾಜಿಗೆ ಅಂಟಿಕೊಂಡು ನಿಧಾನವಾಗಿ ಇಳಿಯುತ್ತದೆ. ನೀರಿನಂತೆ ಹರಿದರೆ ಕೊಳ್ಳಬೇಡಿ.