ದುಡ್ಡಿಲ್ಲದ ಬ್ಯಾಟ್‌ಮ್ಯಾನ್, ಮಡಿಕೇರಿಯ ಮಳೆಗಾಲ

ಸ್ಕಾಟ್ ಸ್ನೈಡರ್ ಬರೆದು ನಿಕ್ ಡ್ರಗೋಟಾ ಚಿತ್ರಿಸಿರುವ ‘ಅಬ್ಸಲ್ಯೂಟ್ ಬ್ಯಾಟ್‌ಮ್ಯಾನ್’ ಕಾಮಿಕ್ಸ್ ಸರಣಿ ಶುರುವಾಗಿದ್ದು 2024ರ ಅಕ್ಟೋಬರ್‌ನಲ್ಲಿ. ಮೊದಲ 6 ಸಂಚಿಕೆಗಳು ಒಂದೇ ಸಂಪುಟವಾಗಿ ಸಿಗುತ್ತವೆ. ಕಣ್ಣುಮುಚ್ಚಿ ಕೊಳ್ಳಬಹುದು.

ಬ್ಯಾಟ್‌ಮ್ಯಾನ್‌ನ ನಿಜವಾದ ಹೆಸರು ಬ್ರೂಸ್. ಹಳೆಯ ಕಥೆಗಳಂತಲ್ಲದೆ ಈ ಬ್ರೂಸ್‌ಗೆ ಬಂಗಲೆ ಇಲ್ಲ, ಆಸ್ತಿ ಇಲ್ಲ. ದುಡಿದು ತಿನ್ನುವ ಎಂಜಿನಿಯರ್. ತಾಯಿ ಮಾರ್ಥಾ ಬದುಕಿದ್ದಾಳೆ. ಆಲ್ಫ್ರೆಡ್ ಇಲ್ಲಿ ಮನೆಯ ಬಟ್ಲರ್ ಅಲ್ಲ, ಬ್ರಿಟಿಷ್ ಗೂಢಚಾರ. ಹಣದ ಜಾಗವನ್ನು ವೇಷವೇ ತುಂಬುತ್ತದೆ: ಎದೆಯ ಮೇಲಿನ ದಪ್ಪ ಬಾವಲಿ ಲಾಂಛನ ಕಳಚಿದರೆ ಕೊಡಲಿ, ಮುಖವಾಡದ ಕಿವಿ ಕಿತ್ತರೆ ಚಾಕು. ಡ್ರಗೋಟಾನ ಬ್ಯಾಟ್‌ಮ್ಯಾನ್ ಎಷ್ಟು ದೈತ್ಯನೆಂದರೆ ಚೌಕಟ್ಟೇ ಸಾಲದು ಅನ್ನಿಸುತ್ತದೆ. ಕೊರತೆ ಒಂದೇ. ಬಾಲ್ಯ, ವರ್ತಮಾನ ಎರಡೂ ಹೆಣೆದುಕೊಂಡಿರುವುದರಿಂದ ಮೊದಲ ಸಂಚಿಕೆ ನಿಧಾನವಾಗಿ ಓದಬೇಕು.

ಅದೇ ವರ್ಷದ ಜನವರಿಯಲ್ಲಿ ಶುರುವಾದ ಲೇಖಕ ಜೊನಾಥನ್ ಹಿಕ್‌ಮನ್‌ನ ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’ ಸರಣಿಯಲ್ಲಿ ಪೀಟರ್, ಅಂದರೆ ಸ್ಪೈಡರ್‌ಮ್ಯಾನ್, ಇಬ್ಬರು ಮಕ್ಕಳ ತಂದೆ. ಹೊಡೆದಾಟಕ್ಕಿಂತ ಮನೆಮಾತೇ ಹೆಚ್ಚು. ಚೆನ್ನಾಗಿದೆ, ಆದರೆ ತಾಳ್ಮೆ ಬೇಕು.

ಕೊಡಗಿನ ಓದುಗರು ಬಿಡಿ ಸಂಚಿಕೆಗಿಂತ ಸಂಪುಟವನ್ನೇ ಕೊಳ್ಳುವುದು ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಬಿಡಿ ಸಂಚಿಕೆಯ ಸ್ಟೇಪಲ್ ತುಕ್ಕು ಹಿಡಿದು ನಡುಹಾಳೆಗೆ ಕಂದು ಕಲೆ ಬೀಳುತ್ತದೆ; ನುಣುಪು ಹಾಳೆಗಳು ಒದ್ದೆಯಾಗಿ ಒಣಗಿದರೆ ಅಂಟಿಕೊಂಡು, ಬಿಡಿಸುವಾಗ ಬಣ್ಣ ಕಿತ್ತುಬರುತ್ತದೆ. ಬಿಡಿಯೇ ಬೇಕೆಂದರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಹಿಂದೆ ಆಮ್ಲರಹಿತ ರಟ್ಟಿಟ್ಟು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ. ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳಿರಲಿ. ಮಳೆ ಹೊಡೆಯುವ ಹೊರಗೋಡೆಗೆ ಡಬ್ಬಿ ತಾಗದಿರಲಿ. ಒಣಗಲೆಂದು ಬಿಸಿಲಿಗಂತೂ ಇಡಲೇಬೇಡಿ, ಬಣ್ಣ ಮಾಸುತ್ತದೆ.