ಎಮ್‌ಸಿಸಿ 102: ಪುಡಿಗೆ ನಾಲ್ಕು ಸ್ಟಾರ್, ಡೀಲರ್‌ಗೆ ಒಂದೂವರೆ

ಮಾತ್ರೆ ಮಾಡುವ ಸಣ್ಣ ಘಟಕದಲ್ಲಿ ಫಾರ್ಮುಲೇಷನ್ ನೋಡಿಕೊಳ್ಳುವವನು ನಾನು. 5 ಮಿಲಿಗ್ರಾಂ ಔಷಧಿ ಇರುವ ಮಾತ್ರೆ 100 ಮಿಲಿಗ್ರಾಂ ತೂಗಿದರೆ ಉಳಿದ 95 ಏನು? ಎಕ್ಸಿಪಿಯಂಟ್, ಅಂದರೆ ಔಷಧಿಯ ಜೊತೆ ಸೇರಿಸುವ ಬೇರೆ ಸಾಮಗ್ರಿ. ಲ್ಯಾಕ್ಟೋಸ್, ಸ್ಟಾರ್ಚ್, ಮೆಗ್ನೀಷಿಯಂ ಸ್ಟಿಯರೇಟ್, ಜೊತೆಗೆ ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್. ಈ ಕೊನೆಯದನ್ನು ನಾವು ಎಮ್‌ಸಿಸಿ ಅಂತೀವಿ. ಈ ರಿವ್ಯೂ ಅದರದ್ದು, ಅದನ್ನು ತಂದುಕೊಟ್ಟ ಡೀಲರ್‌ದೂ ಹೌದು.

ಪುಡಿಗೆ ಹೆಸರಿಡುವ ಹಾಗಿಲ್ಲ. 102 ಗ್ರೇಡ್‌ನ ಕಣ ಸರಾಸರಿ 100 ಮೈಕ್ರಾನ್, 101ರದ್ದು ಅದರ ಅರ್ಧ. ಕೈಯಲ್ಲಿ ಮುಟ್ಟಿದರೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ, ಮಷಿನ್‌ಗೆ ಹಾಕಿದ ತಕ್ಷಣ ಗೊತ್ತಾಗುತ್ತದೆ. 102 ಹಾಪರ್‌ನಿಂದ ಸಲೀಸಾಗಿ ಇಳಿಯುತ್ತದೆ, ಹಾಗಾಗಿ ಒದ್ದೆ ಮಾಡಿ ಒಣಗಿಸುವ ಗೋಜಿಲ್ಲದೆ ನೇರ ಒತ್ತಬಹುದು, ಜಾಸ್ತಿ ಒತ್ತಡ ಹಾಕದೆಯೇ ಗಟ್ಟಿ ಮಾತ್ರೆ ಬರುತ್ತದೆ. ಒಂದು ಸ್ಟಾರ್ ಕಿತ್ತಿದ್ದು, ಮಾತ್ರೆ ಮಷಿನ್‌ಗೆ ಅಂಟದಿರಲಿ ಅಂತ ಹಾಕುವ ಸ್ಟಿಯರೇಟ್ ವಿಷಯಕ್ಕೆ. ಅದರ ಜೊತೆ ಸ್ವಲ್ಪ ಹೊತ್ತು ಹೆಚ್ಚಿಗೆ ತಿರುಗಿಸಿದರೂ ಮಾತ್ರೆ ಮೆತ್ತಗಾಗುತ್ತದೆ. ಬ್ಲೆಂಡರ್ ಹಾಕಿ ಫೋನ್ ಹಿಡಿದುಕೊಂಡು ಆಚೆ ಹೋದವರಿಗೆ ಇದು ಚೆನ್ನಾಗಿ ಗೊತ್ತು.

ಈಗ ಡೀಲರ್. ಸ್ಯಾಂಪಲ್ ಕಳಿಸಿದ್ದು ಬಂಗಾರ. ಮೊದಲ ಲಾಟೂ ಸರಿ. ಎರಡನೆಯದರಲ್ಲಿ ಮಾತ್ರೆಯ ತೂಕ ಮೇಲೆ ಕೆಳಗೆ ಆಡತೊಡಗಿತು, ಅರ್ಧ ದಿನ ಮಷಿನ್‌ನೇ ಬೈದುಕೊಂಡು ಕೂತೆವು. ಆಮೇಲೆ ಜರಡಿ ಹಿಡಿದರೆ ಪುಡಿ ನುಣ್ಣಗಿದೆ. ಚೀಲದ ಮೇಲೆ ಮಾತ್ರ 102. ಕೇಳಿದರೆ "ಫಾರ್ಮಕೋಪಿಯಾ ಟೆಸ್ಟ್ ಎಲ್ಲಾ ಪಾಸ್ ಆಗಿದೆಯಲ್ಲ ಸಾರ್" ಅಂದರು. ಆಗಿದೆ, ಯಾಕಾಗಲ್ಲ? ಫಾರ್ಮಕೋಪಿಯಾ ಅಂದರೆ ಔಷಧಿ ಸಾಮಗ್ರಿಗಳ ಗುಣಮಟ್ಟ ಹೇಳುವ ಅಧಿಕೃತ ಪುಸ್ತಕ, ಅದರ ಟೆಸ್ಟ್‌ನಲ್ಲಿ 101, 102 ಎರಡೂ ಪಾಸ್ ಆಗುತ್ತವೆ! ಶುದ್ಧವಾಗಿರುವುದು ಬೇರೆ, ಮಷಿನ್ ಮೇಲೆ ಓಡುವುದು ಬೇರೆ.

ಅದಕ್ಕಿಂತ ಸಿಟ್ಟು ಬಂದಿದ್ದು ಸಿಓಎ, ಅಂದರೆ ಆ ಲಾಟಿನ ಟೆಸ್ಟ್ ಸರ್ಟಿಫಿಕೇಟ್ ನೋಡಿ. ಡೀಲರ್‌ನ ಲೆಟರ್‌ಹೆಡ್, ತಯಾರಕರ ಹೆಸರೇ ಇಲ್ಲ. ಇದನ್ನು ಸುಮ್ನೆ ಕಾಗದದ ತಕರಾರು ಅನ್ನಬೇಡಿ. 1996ರಲ್ಲಿ ಹೈಟಿಯಲ್ಲಿ, 2006ರಲ್ಲಿ ಪನಾಮಾದಲ್ಲಿ ಸಿರಪ್ ಕುಡಿದು ಜನ ಸತ್ತಿದ್ದು ಗ್ಲಿಸರಿನ್ ಹೆಸರಲ್ಲಿ ಬಂದ ಡೈಎಥಿಲೀನ್ ಗ್ಲೈಕಾಲ್‌ನಿಂದ. ಮಾಲು ಕೈಯಿಂದ ಕೈಗೆ ದಾಟುವಾಗ ಯಾರು ಮಾಡಿದ್ದು ಅನ್ನುವುದೇ ಕಾಗದದಿಂದ ಮಾಯವಾಗಿತ್ತು. ಎಮ್‌ಸಿಸಿಗೆ ಆ ವಿಷದ ಭಯ ಇಲ್ಲ, ನಿಜ. ಆದರೆ ಇದೇ ಡೀಲರ್ ಗ್ಲಿಸರಿನ್ ಕೂಡ ಮಾರುತ್ತಾರೆ, ಅಲ್ವಾ?

"ಫಿಲ್ಲರ್ ತಾನೇ", ಅಂದರೆ ಬರೀ ತೂಕ ತುಂಬಿಸುವ ಪುಡಿ ತಾನೇ ಅನ್ನುವವರಿಗೆ ಒಂದು ಹಳೆ ಕಥೆ. 1960ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದಲ್ಲಿ ಫೆನಿಟಾಯಿನ್ ಕ್ಯಾಪ್ಸೂಲ್‌ನ ಫಿಲ್ಲರನ್ನು ಕ್ಯಾಲ್ಸಿಯಂ ಸಲ್ಫೇಟ್‌ನಿಂದ ಲ್ಯಾಕ್ಟೋಸ್‌ಗೆ ಬದಲಿಸಿದರು. ಔಷಧಿಯ ಪ್ರಮಾಣ ಅಷ್ಟೇ ಇತ್ತು. ಆದರೆ ರಕ್ತಕ್ಕೆ ಸೇರುವುದು ಹೆಚ್ಚಾಗಿ, ಮೂರ್ಛೆ ರೋಗಿಗಳಿಗೆ ಅದೇ ಡೋಸ್ ವಿಷವಾಯಿತು.

ಮಾಲು ವಾಪಸ್ ತಗೊಂಡರು, ಸಾಗಾಣಿಕೆ ಖರ್ಚು ನಮ್ಮ ತಲೆಗೆ. ಫೋನ್‌ಗೆ ಬೇಗ ಸಿಗುತ್ತಾರೆ, ಆ ಅರ್ಧ ಸ್ಟಾರ್ ಅದಕ್ಕೆ. ಈ ಸಲ ನೇರ ತಯಾರಕರ ಹತ್ತಿರ ಹೋದೆ. ಅವರಿಗೆ ನಮ್ಮಂಥವರು ಲೆಕ್ಕಕ್ಕೇ ಇಲ್ಲ, ಕಡಿಮೆ ಆರ್ಡರ್ ತೆಗೆದುಕೊಳ್ಳುವುದೂ ಇಲ್ಲ. ಈಗ ಗೋದಾಮಿನ ಬಾಗಿಲ ತನಕ ಎಮ್‌ಸಿಸಿ ಚೀಲಗಳು, ಸ್ಟೋರ್ಸ್‌ನವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.